ಬೋನ್ ಪೊರ್ಬುಗಳ ತಲೆನೋವಿನ ಹಾಡು

ನಮ್ಮ ಹಿತ್ತಿಲಾಚೆಯ ಮನೆಯ ಯಜಮಾನಿತಿ ಗಿಡ ನೆಡದೆ ಬಿಟ್ಟ ಪಾತ್ರೆಯಿಲ್ಲ. ತೂತಾದ ಕೊಡಪಾನ, ಹಿಡಿ ಮುರಿದ ಬಕೆಟ್ಟು, ಮೊಮ್ಮಗನ ಹಳೆಯ ಹೆಲ್ಮೆಟ್ಟು, ಯಾವುದನ್ನೂ ಆಕೆ ಬೇಡ ಎಂದವರಲ್ಲ. ಮೊನ್ನೆ ನೋಡುತ್ತೇನೆ, ಆವರಣದ ಗೋಡೆಯ ಮೇಲೆ ಲೌಡ್‌ಸ್ಪೀಕರಿನ ಒಂದು ತಗಡಿನ ಕಹಳೆ ಬಾಯಿ ಮೇಲೆ ಮಾಡಿ ಕೂತಿದೆ. ಅದರೊಳಗಿಂದ ಬಸಳೆಯ ಬಳ್ಳಿ ಹೊರಬಂದು ನಮ್ಮ ಕಡೆಗೆ ಇಣುಕುತ್ತಿದೆ.

"ಗುಜರಿಯಲ್ಲಿ ಸಿಕ್ಕಿತು. ಚಂದ ಉಂಟಲ್ವಾ?" ಎಂದರು.

ಚಂದ ಉಂಟು ಎಂದೆ. ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಪಟ್ಟೆ. ಒಂದು ಕಾಲದಲ್ಲಿ ಇಂಥದೇ ಕಹಳೆಯ ಬಾಯಿಂದ ನನ್ನ ಭಾಷಣ ಹೊರಬರುತ್ತಿತ್ತು. ಬಸಳೆಯಾದರೆ ಊಟದ ಪದಾರ್ಥಕ್ಕಾದರೂ ಆಗುತ್ತದೆ.

ಅದು ಐವತ್ತರ ದಶಕ. ನಾನು ಬಿ.ಎ. ಪಾಸು ಮಾಡಿ ಉಡುಪಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಮನೆಗೆ ಬಂದವರಿಗೆಲ್ಲ ಅಮ್ಮ "ಅವನಿಗೆ ಬಿ.ಎ. ಆಗಿದೆ" ಎಂದು ಹೇಳುವ ಧಾಟಿ ಕೇಳಿದರೆ, ನನಗೆ ಟೈಫಾಯಿಡ್ ಆಗಿ ಈಗಷ್ಟೇ ಗಂಜಿ ಕುಡಿಯುತ್ತಿದ್ದೇನೆ ಎನ್ನಿಸಬೇಕು. ಚಿಕ್ಕಂದಿನಿಂದಲೂ ನನ್ನ ಕಂಠದ ಮೇಲೆ ಆಕೆಗೆ ಬಹಳ ಭರವಸೆ. ನೆಂಟರು ಬಂದರೆ ನನ್ನನ್ನು ಚಾವಡಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿ ಶ್ಲೋಕ ಹೇಳಿಸುತ್ತಿದ್ದಳು. ಮೂರನೆಯ ಶ್ಲೋಕಕ್ಕೆ ಬರುವಾಗ ನೆಂಟರಿಗೆ ಬಸ್ಸಿನ ನೆನಪಾಗುತ್ತಿತ್ತು. ಹಾಗಿರುವ ನನಗೆ ಮಾತಾಡುವ ಕೆಲಸವೇ ಸಿಕ್ಕಿದ್ದು ನನ್ನ ಹಣೆಬರಹ, ಕೇಳುವವರ ಹಣೆಬರಹವೂ ಹೌದು.

ಕೆಲಸ ಕೊಟ್ಟವರು ಒಬ್ಬ ಆಯುರ್ವೇದ ಪಂಡಿತರು. ಅವರು 'ಕುಮುದ ಬಾಮು' ಎಂಬ ತಲೆನೋವಿನ ಔಷಧ ತಯಾರಿಸುತ್ತಿದ್ದರು. ಹಸಿರು ಡಬ್ಬಿಯ ಮುಚ್ಚಳದಲ್ಲಿ ಹೆಂಗಸೊಬ್ಬಳು ಕೈಗೆ ತಲೆಯಾನಿಸಿ ಕೂತ ಚಿತ್ರ. ಆಕೆ ಎಷ್ಟು ನೆಮ್ಮದಿಯಿಂದ ಕೂತಿದ್ದಳೆಂದರೆ, ಅದು ಬಾಮು ಹಚ್ಚುವ ಮೊದಲೋ ಹಚ್ಚಿದ ಮೇಲೋ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಂಡಿತರಿಗೇ ವರ್ಷವಿಡೀ ತಲೆನೋವು. ಹಣೆಗೆ ಬಿಳಿಯ ವಸ್ತ್ರ ಬಿಗಿದು ಕಟ್ಟಿ ಅಂಗಡಿಯ ಗಲ್ಲೆಯಲ್ಲಿ ಕೂರುತ್ತಿದ್ದರು. "ನಿಮ್ಮ ಬಾಮು ಹಚ್ಚಬಾರದಾ?" ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಪ್ರಚಾರಕ್ಕೆ ಅವರ ಬಳಿ ಒಂದು ಹಳೆಯ ವ್ಯಾನಿತ್ತು. ಅದರ ನೆತ್ತಿಯ ಮೇಲೆ ಕಹಳೆ, ಒಳಗೆ ಬ್ಯಾಟರಿ ಮತ್ತು ಆಂಪ್ಲಿಫಯರು. ನಡೆಸುವವನು ಹಸನಬ್ಬ ಎಂಬ ಬ್ಯಾರಿ ಮುಸಲ್ಮಾನ. ನನಗೂ ಅವನಿಗೂ ಜೊತೆಯಾಗಿ ಇನ್ನೊಬ್ಬರನ್ನು ಪಂಡಿತರು ಕಾಪುವಿನಿಂದ ಕರೆಸಿದ್ದರು. ಹೆಸರು ಬೊನಿಫಾಸ್. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬುಗಳು ಎನ್ನುವುದು ರೂಢಿ. ಬೊನಿಫಾಸ್ ಎಂಬ ಉದ್ದ ಹೆಸರು ಹೇಳಲು ಪುರಸೊತ್ತಿಲ್ಲದ ಜನ ಅವರನ್ನು ಬೋನ್ ಪೊರ್ಬು ಎನ್ನುತ್ತಿದ್ದರು. ಮೂವತ್ತೈದು ದಾಟಿದ, ಸಪೂರ ಮೈಯ, ತಲೆಯ ಮೇಲೆ ಬೊಂಬಾಯಿಯಿಂದ ತಂದ ಹ್ಯಾಟಿಟ್ಟ ಮನುಷ್ಯ. ಅವರ ಕೆಲಸ ಹಾಡುವುದು. ನನ್ನ ಕೆಲಸ ಭಾಷಣ.

ಮೊದಲ ದಿನ ಕಾರ್ಕಳದ ಸಂತೆಗೆ ಹೋದೆವು. ನಾನು ಕೋಟಿನ ಗುಂಡಿ ಹಾಕಿ ಮೈಕಿನ ಮುಂದೆ ನಿಂತು, "ಮಹಾಜನಗಳೇ, ಶಿರೋವೇದನೆಯೆಂಬುದು ಮಾನವಕುಲವನ್ನು ಅನಾದಿಯಿಂದಲೂ..." ಎಂದು ಶುರು ಮಾಡಿದೆ. ಉಪ್ಪಿನ ಗೋಣಿಯ ಹತ್ತಿರ ನಿಂತಿದ್ದ ಕೆಲವರು ನನ್ನನ್ನು ನೋಡಿದರು. ಅನಾದಿಯಿಂದ ಈಚೆಗೆ ಬರುವಷ್ಟರಲ್ಲಿ ಅವರು ಒಣಮೀನಿನ ಕಡೆಗೆ ಹೋಗಿಯಾಗಿತ್ತು. ಕೊನೆಗೆ ಎದುರಿಗೆ ಉಳಿದದ್ದು ಒಂದು ಆಡು. ಅದನ್ನು ಕಟ್ಟಿ ಹಾಕಿದ್ದರು.

ಬೋನ್ ಪೊರ್ಬುಗಳು ಹ್ಯಾಟು ತೆಗೆದು ವ್ಯಾನಿನ ಮೇಲಿಟ್ಟು, ಕಣ್ಣು ಮುಚ್ಚಿ, ಹಾಡತೊಡಗಿದರು.

ಆ ಧ್ವನಿಯನ್ನು ಹೇಗೆ ಹೇಳಲಿ? ಇಂಪಾದದ್ದು ಎಂದರೆ ಸುಳ್ಳಾಗುತ್ತದೆ. ಒರಟಾಗಿತ್ತು, ಮೇಲೆ ಹೋಗುವಾಗ ನಡುವೆ ಎಲ್ಲೋ ಬಿರಿಯುತ್ತಿತ್ತು. ಬಿರಿದ ಜಾಗದಿಂದಲೇ ಏನೋ ಒಂದು ಹೊರಗೆ ಬರುತ್ತಿತ್ತು. ದೇವರ ಜೊತೆ ಜಗಳವಾಡಿ ಸೋತು ಮತ್ತೆ ಅವನ ಮನೆಯ ಬಾಗಿಲಿಗೇ ಬಂದವನು ಮಾತಾಡಿದರೆ ಹಾಗಿರಬಹುದು. ಹಾಡು ಅವರದೇ. ಗಂಡ ಬೊಂಬಾಯಿಯ ಹೊಟೇಲಿಗೆ ಹೋಗಿದ್ದಾನೆ, ಹೆಂಡತಿ ದಾರಿ ನೋಡುತ್ತಿದ್ದಾಳೆ, ನೋಡಿ ನೋಡಿ ತಲೆ ಸಿಡಿಯುತ್ತಿದೆ. ಕೊನೆಯ ಸಾಲಿನಲ್ಲಿ ಕುಮುದ ಬಾಮು. ಸಂತೆಯ ಅರ್ಧ ಜನ ವ್ಯಾನಿನ ಸುತ್ತ ಬಂದು ನಿಂತರು. ಗಂಡಂದಿರು ಬೊಂಬಾಯಿಯಲ್ಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿ ಕೊಂಡರು.

"ಭಟ್ರೇ, ನಿಮ್ಮ ಭಾಷಣ ಒಳ್ಳೆಯದುಂಟು. ನನಗೆ ಗಂಟಲು ಸರಿ ಮಾಡಿಕೊಳ್ಳಲಿಕ್ಕೆ ಟೈಮ್ ಸಿಗ್ತದೆ" ಎಂದರು ವಾಪಸು ಬರುವಾಗ. ತಮಾಷೆಯೋ ಎಂದು ಮುಖ ನೋಡಿದೆ. ಅಲ್ಲ, ಅದು ನಿಜವಾದ ಉಪಕಾರಸ್ಮರಣೆಯೇ.

ಹೀಗೆ ನಮ್ಮ ತಿರುಗಾಟ ನಡೆಯಿತು. ವ್ಯಾನು ಕೆಟ್ಟು ನಿಂತಾಗಲೆಲ್ಲ ಅವರ ಕಥೆ ಒಂದೊಂದು ತುಂಡಾಗಿ ಹೊರಬರುತ್ತಿತ್ತು. ವ್ಯಾನು ಆಗಾಗ ಕೆಡುತ್ತಿದ್ದುದರಿಂದ ನನಗೆ ಇಡೀ ಕಥೆ ಗೊತ್ತಾಯಿತು. ಚಿಕ್ಕಂದಿನಲ್ಲಿ ಇಗರ್ಜಿಯ ಗಾಯನ ತಂಡದಲ್ಲಿದ್ದರಂತೆ. ಮದುವೆಯ ಪೂಜೆಯಲ್ಲಿ ಇವರು ಹಾಡಿದರೆ ಮದುಮಗಳು ಬೇಕಾದ್ದಕ್ಕಿಂತ ಹೆಚ್ಚು ಅಳುತ್ತಾಳೆ, ಒಂದು ಮದುವೆಯಲ್ಲಂತೂ ಮದುಮಗನೂ ಅತ್ತ ಎಂದು ದೂರು ಹೋಗಿ, ಮದುವೆಗಳಿಂದ ಅವರನ್ನು ತೆಗೆದರು. ಸಾವಿಗೆ ಮಾತ್ರ ತಪ್ಪದೆ ಕರೆಯುತ್ತಿದ್ದರು. ಊರಿನಲ್ಲಿ ಸಾಯುವವರು ಕಡಿಮೆಯಾದ ವರ್ಷ ಬೊಂಬಾಯಿಗೆ ಹೋದರು. ಅಲ್ಲಿ ಒಂದು ಹೊಟೇಲಿನಲ್ಲಿ ಊಟ ಮಾಡುವವರ ಎದುರು ಹಾಡುವ ಕೆಲಸ. "ಜನ ಚಮಚ ಕೆಳಗಿಟ್ಟು ಕೇಳ್ತಿದ್ದರು. ಅದೇ ತೊಂದರೆ ಆಯ್ತು. ತಿನ್ನದೆ ಕೂತರೆ ಧಣಿಗೆ ಎಂತ ಲಾಭ?" ಹಾಗೆ ಅಲ್ಲಿಂದಲೂ ಬಿಟ್ಟರು. ಹ್ಯಾಟೊಂದು ಉಳಿಯಿತು.

ಅವರಿಗಿದ್ದ ಆಸೆ ಒಂದೇ. ತನ್ನ ಒಂದು ಹಾಡು ಗ್ರಾಮಫೋನ್ ಪ್ಲೇಟಿನಲ್ಲಿ ಬರಬೇಕು. "ಹಾಡಿ ಮುಗಿದ ಮೇಲೆ ಅದು ಎಲ್ಲಿಗೆ ಹೋಗ್ತದೆ ಭಟ್ರೇ?" ಎಂದು ಒಮ್ಮೆ ನನ್ನನ್ನು ಕೇಳಿದರು. ತತ್ತ್ವಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಹಾಗಾಗಿ ಉತ್ತರ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಕಾಪುವಿನ ಪೇಟೆಯಲ್ಲಿ ಮಾರಾಟ ಮುಗಿಸಿ ಅವರ ಮನೆಗೆ ಹೋದೆವು. ದೀಪಸ್ತಂಭ ಕಾಣುವ ದೂರದಲ್ಲಿ, ಕಡಲತೀರದ ಹೊಯ್ಗೆಯ ಮೇಲೆ ಕಟ್ಟಿದ ಸಣ್ಣ ಹಂಚಿನ ಮನೆ. ಅವರ ಹೆಂಡತಿ ಸಿಸಿಲಿಬಾಯಿ, ನಾವು ಬಾಯಮ್ಮ ಎನ್ನುತ್ತಿದ್ದೆವು, ನನಗೆ ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ಗಂಡನಿಗೂ ಹಸನಬ್ಬನಿಗೂ ಚಾ ಮತ್ತು ಅಕ್ಕಿಯ ತಿಂಡಿ. ತಿಂಡಿಯ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಆದರೆ ನನ್ನ ಮಡಿಯ ಮೇಲೆ ನನಗಿದ್ದದ್ದಕ್ಕಿಂತ ಹೆಚ್ಚು ಗೌರವ ಆಕೆಗಿತ್ತು.

ಒಳಗೆ ವಿಪರೀತ ಸೆಕೆ. ಕಡಲಿನ ಕಡೆಗಿದ್ದ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದರು.

"ಬಾಯಮ್ಮ, ಕಿಟಕಿ ತೆಗೆದರೆ ಒಳ್ಳೆ ಗಾಳಿ ಬರ್ತದಲ್ವಾ?" ಎಂದೆ.

"ಗಾಳಿಯ ಜೊತೆ ಸದ್ದೂ ಬರ್ತದೆ. ಕಡಲಿನ ಸದ್ದು ನನಗಾಗುವುದಿಲ್ಲ" ಎಂದು ಆಕೆ ಒಳಗೆ ಹೋದರು.

ಕಡಲಿಂದ ನಾಲ್ಕು ಮಾರು ದೂರದಲ್ಲಿ ಮನೆ ಕಟ್ಟಿ, ಕಡಲಿನ ಸದ್ದಾಗುವುದಿಲ್ಲ ಎನ್ನುವುದು ನನಗೆ ತಮಾಷೆಯಾಗಿ ಕಂಡಿತು. ವಾಪಸು ಬರುವಾಗ ಉದ್ಯಾವರದ ಹೊಳೆಯ ಕಡವಿನಲ್ಲಿ ವ್ಯಾನನ್ನು ಜೋಡುದೋಣಿಗೆ ಹತ್ತಿಸಲು ಕಾಯುತ್ತಿದ್ದೆವು. ಅಲ್ಲಿ ಆ ತಮಾಷೆಯನ್ನು ಪೊರ್ಬುಗಳಿಗೆ ಹೇಳಿಯೂ ಬಿಟ್ಟೆ.

ಅವರು ಹ್ಯಾಟು ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಹೇಳಿದರು. ಅವರಿಗೆ ಒಬ್ಬಳು ಮಗಳಿದ್ದಳು, ಲಿಲ್ಲಿ ಎಂದು. ನಡೆಯಲು ಕಲಿತದ್ದೇ ತಡ, ದಿನಾ ಸಂಜೆ ಅಮ್ಮನ ಕೈ ಹಿಡಿದು ಕಡಲಿಗೆ ಹೋಗಬೇಕು. ತೆರೆ ಬಂದಾಗ ಕಿರುಚಿ ಓಡುವುದು, ತೆರೆ ಹೋದಾಗ ಅದನ್ನು ಅಟ್ಟಿಸಿಕೊಂಡು ಹೋಗುವುದು. ಒಂದು ಮಳೆಗಾಲ ಜ್ವರ ಬಂತು, ಹೋದಳು. ಅಂದಿನಿಂದ ಬಾಯಮ್ಮನಿಗೆ ಕಡಲಿನ ಸದ್ದು ಕೇಳಿದರೆ, ಅದು ಮಗಳನ್ನು ಆಟಕ್ಕೆ ಕರೆಯುತ್ತಿದೆ ಎಂದು ಅನ್ನಿಸುತ್ತಿತ್ತಂತೆ. ನಿದ್ದೆಯಿಲ್ಲ, ಊಟವಿಲ್ಲ.

"ನಾನು ಎಂತ ಮಾಡುವುದು ಭಟ್ರೇ? ಡಾಕ್ಟರಲ್ಲ, ಪಾದ್ರಿಯಲ್ಲ. ಒಂದು ಹಾಡು ಕಟ್ಟಿದೆ. ಮಗುವಿಗಲ್ಲ, ಕಡಲಿಗೆ. ಸುಮ್ಮನೆ ಮಲಗು ಅಂತ. ಬಾಗಿಲಲ್ಲಿ ಕೂತು ದಿನಾ ಹಾಡಿದೆ."

"ಬಾಯಮ್ಮ ಮಲಗಿದರಾ?"

"ಅವಳು ಮಲಗಿದಳು. ಕಡಲು ಮಲಗಲಿಲ್ಲ."

ಕಡವಿನಲ್ಲಿ ಕೇಳುವವರು ನಾವಿಬ್ಬರು, ನಾನು ಮತ್ತು ಹಸನಬ್ಬ. ಅವರು ಮೆಲ್ಲಗೆ ಹಾಡಿದರು:

ಮಲಗು ಕಡಲೇ ಮಲಗು, ಕೂಗಬೇಡ
ಮಲಗಿದ ಕೂಸನು ಎಬ್ಬಿಸಬೇಡ
ನಿನ್ನಯ ತೆರೆಯೆಲ್ಲ ಮಡಿಚಿ ಇಡು
ಆಡಲು ಬರುವವರಿಲ್ಲ ನೋಡು

ಹಸನಬ್ಬ ಬೇರೆ ಕಡೆಗೆ ಮುಖ ಮಾಡಿ ಟಯರಿಗೆ ಒದ್ದು ಗಾಳಿ ಪರೀಕ್ಷಿಸಿದ. ಎಲ್ಲ ಟಯರುಗಳಿಗೂ ಒದ್ದ. ನಾನು ನನ್ನ ಭಾಷಣದ ಕಾಗದವನ್ನು ಮಡಿಚಿ ಬಿಚ್ಚಿ ಮಡಿಚಿದೆ. ದೋಣಿಯವನು ಕೂಗಿ ಕರೆಯದಿದ್ದರೆ ನಾವು ಅಲ್ಲೇ ಇರುತ್ತಿದ್ದೆವೋ ಏನೋ.

ಆ ಹಾಡನ್ನು ಅವರು ವ್ಯಾನಿನಲ್ಲಿ ಹಾಡಿದವರಲ್ಲ. ಆದರೆ ಕಾರ್ಕಳದ ಒಂದು ಸಂತೆಯ ದಿನ ಜನ ಬಿಡಲಿಲ್ಲ. ಬಾಮಿನ ಹಾಡುಗಳೆಲ್ಲ ಮುಗಿದವು. "ಇನ್ನೊಂದು, ಇನ್ನೊಂದು" ಎಂದು ಒತ್ತಾಯ. ಪೊರ್ಬುಗಳು ಕಣ್ಣು ಮುಚ್ಚಿ ಇದನ್ನೇ ಹಾಡಿಬಿಟ್ಟರು. ಕಡಲನ್ನು ಕಾಣದ ಮಂದಿ ಆ ಸಂತೆಯಲ್ಲಿ ಬೇಕಾದಷ್ಟಿದ್ದರು. ಗಲಾಟೆ ನಿಂತಿತು. ಹಾಡು ಮುಗಿದ ಮೇಲೆ ಯಾರೂ ಏನೂ ಕೊಳ್ಳಲಿಲ್ಲ. ಮಕ್ಕಳನ್ನು ಕರೆತಂದವರು ಅವುಗಳ ಕೈ ಗಟ್ಟಿಯಾಗಿ ಹಿಡಿದು ಮನೆಗೆ ಹೋದರು. ತರಕಾರಿಯವಳೊಬ್ಬಳು ತೊಂಡೆಕಾಯಿ ಹಾಗೇ ಬಿಟ್ಟು ಹೊರಟಳು.

ಗ್ರಹಚಾರಕ್ಕೆ ಆ ದಿನವೇ ಪಂಡಿತರು ಮಾರಾಟ ನೋಡಲು ಬಂದಿದ್ದರು. ಹಣೆಯ ವಸ್ತ್ರ ಸರಿಮಾಡಿಕೊಳ್ಳುತ್ತ ಮುಂದೆ ಬಂದರು. ಕೆಲಸ ಹೋಯಿತು ಎಂದುಕೊಂಡೆ.

"ಹಾಡು ಬಹಳ ಒಳ್ಳೆಯದುಂಟು. ಆದರೆ ಇದರಲ್ಲಿ ನಮ್ಮ ಬಾಮು ಎಲ್ಲಿ?" ಎಂದರು.

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ನಿದ್ದೆಯ ಹಾಡು. ತಲೆನೋವಿನವರಿಗೆ ಬೇಕಾದದ್ದೇ ನಿದ್ದೆ. ಎಷ್ಟು ಸರಿಯಾಗಿ ಕೂತಿದೆ! ಕೊನೆಯ ಸಾಲು ಒಂದು ತೆಗೆದು 'ಕುಮುದ ಬಾಮನು ಹಚ್ಚಿ ನೋಡು' ಅಂತ ಹಾಕಿ. ಪ್ರಾಸವೂ ಉಂಟು, ಪ್ರಯೋಜನವೂ ಉಂಟು. ಮದರಾಸಿಗೆ ಹೋಗಿ ಪ್ಲೇಟು ಮಾಡಿಸುವ."

ಪ್ಲೇಟು ಎಂಬ ಶಬ್ದಕ್ಕೆ ಪೊರ್ಬುಗಳ ಮುಖದಲ್ಲಿ ಆದದ್ದನ್ನು ನಾನು ಕಂಡೆ. ನನಗೆ ಮಾತ್ರ ಸಿಟ್ಟು ಬಂತು. ವ್ಯಾನಿನಲ್ಲಿ ಕೂತ ಮೇಲೆ ಕಲೆಯ ಪಾವಿತ್ರ್ಯದ ಬಗ್ಗೆ ಒಂದು ಭಾಷಣವನ್ನೇ ಮಾಡಿದೆ. ಮೈಕಿಲ್ಲದೆ ಮಾಡಿದ ಆ ಭಾಷಣ ನನ್ನ ಜೀವನದ ಅತ್ಯುತ್ತಮ ಭಾಷಣಗಳಲ್ಲೊಂದು. ಮಗು ಸತ್ತ ಹಾಡಿಗೆ ಬಾಮು ಹಚ್ಚುವುದೇ, ಒಪ್ಪಬೇಡಿ, ಎಂದೆ.

ಪೊರ್ಬುಗಳು ಪೂರ್ತಿ ಕೇಳಿದರು. "ನೀವು ಹೇಳುವುದು ಸರಿ ಉಂಟು. ಆದರೆ ನೋಡಿ, ಇಗರ್ಜಿಯಲ್ಲಿ ಸಾವಿರ ಸಲ ದೇವರ ಹೆಸರು ಹಾಕಿ ಹಾಡಿದೆ. ಬೊಂಬಾಯಿಯಲ್ಲಿ ಧಣಿಯ ಹುಟ್ಟುಹಬ್ಬಕ್ಕೆ ಅವನ ಹೆಸರು ಹಾಕಿ ಹಾಡಿದೆ. ಒಬ್ಬರದ್ದಲ್ಲ ಒಬ್ಬರ ಹೆಸರು ಯಾವಾಗಲೂ ಇತ್ತು. ಬಾಮು ಪಾಪ, ಯಾರಿಗೂ ಕೆಟ್ಟದ್ದು ಮಾಡಿದ್ದಲ್ಲ."

"ಒಳ್ಳೆಯದೂ ಮಾಡಿದ್ದಲ್ಲ" ಎಂದ ಹಸನಬ್ಬ, ಪಂಡಿತರ ಹಣೆಯ ವಸ್ತ್ರವನ್ನು ನೆನೆದು.

"ಆದರೆ ಸಿಸಿಲಿಗೆ ಕೇಳಬೇಕು. ಹಾಡು ಅವಳದ್ದು. ಅವಳು ಬೇಡ ಅಂದರೆ ಬೇಡ" ಎಂದರು ಪೊರ್ಬುಗಳು. ಅದುವರೆಗೆ ನಗುತ್ತಿದ್ದವರ ಸ್ವರ ಇಳಿದಿತ್ತು.

ಮರುದಿನ ಕಾಪುವಿಗೆ ಹೋದೆವು. ಗಂಡ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೊಂಕಣಿಯಲ್ಲಿ ಮಾತಾಡಿದರು. ಉಡುಪಿಯ ಪೇಟೆಯಲ್ಲಿ ಬೆಳೆದ ನನಗೆ ಅಷ್ಟು ಕೊಂಕಣಿ ಅರ್ಥವಾಗುತ್ತಿತ್ತು. ಬಾಯಮ್ಮ ಕತ್ತಿಮಣೆಯಿಂದ ಎದ್ದವರು ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ ಹಿಡಿದುಕೊಂಡೇ ಕೇಳಿದರು.

"ಯಾವ ಸಾಲು ತೆಗೆಯುವುದು?"

"ಕೊನೆಯದು."

"ಆಡಲು ಬರುವವರಿಲ್ಲ, ಅದಾ?"

"ಹೂಂ."

ಆಕೆ ಸೌತೆಕಾಯಿಯನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟು ಹೊತ್ತೂ ಪೊರ್ಬುಗಳು ಹ್ಯಾಟನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು, ಇಗರ್ಜಿಯಲ್ಲಿ ನಿಂತ ಹಾಗೆ.

"ತೆಗಿ. ಆ ಸಾಲು ನನಗೆ ಎಂದೂ ಬೇಕಾಗಿರಲಿಲ್ಲ. ನೀನು ಹಾಡ್ತಿದ್ದೆ, ಹಾಗೆ ಕೇಳ್ತಿದ್ದೆ" ಎಂದು ಹೇಳಿ ಬಾಯಮ್ಮ ಮತ್ತೆ ಕತ್ತಿಮಣೆಯ ಮೇಲೆ ಕೂತರು.

ಪಾವಿತ್ರ್ಯದ ಬಗ್ಗೆ ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಇನ್ನೊಂದು ಭಾಷಣ ಗಂಟಲಲ್ಲೇ ಉಳಿಯಿತು.

ಮಂಗಳೂರಿನಿಂದ ರೈಲು ಹತ್ತಿ ಮದರಾಸಿಗೆ ಹೋದೆವು. ಪಂಡಿತರೂ ಬಂದರು. ಪ್ಲೇಟಿನ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ನನ್ನ ಶಿರೋವೇದನೆಯ ಭಾಷಣ ಎಂದು ಅವರು ತೀರ್ಮಾನಿಸಿದ್ದರು. ಬದಿ ಖಾಲಿ ಬಿಟ್ಟರೆ ನಷ್ಟವಲ್ಲವೇ? ನನ್ನ ಭಾಷಣ ಮುದ್ರಿಸಲು ಒಂದು ಹಗಲು ಹಿಡಿಯಿತು. ಕೆಮ್ಮಿದೆ, ಕಾಗದ ಸದ್ದು ಮಾಡಿದೆ, ಮಾನವಕುಲ ಎನ್ನುವಲ್ಲಿ ಪ್ರತಿ ಸಲವೂ ತೊದಲಿದೆ. ಪೊರ್ಬುಗಳು ಒಂದೇ ಸಲ ಹಾಡಿದರು. ಗಾಜಿನ ಆಚೆ ಯಂತ್ರದ ಎದುರು ಕೂತಿದ್ದವನು ತಮಿಳಿನವನು, ಕನ್ನಡದ ಒಂದಕ್ಷರ ತಿಳಿಯದು. ಹಾಡು ಮುಗಿದ ಮೇಲೆ ಕಿವಿಯಿಂದ ಯಂತ್ರ ತೆಗೆದು ಹೊರಗೆ ಬಂದು, ಯಾರು ತೀರಿಕೊಂಡದ್ದು ಎಂದು ಪಂಡಿತರನ್ನು ಕೇಳಿದ.

"ಯಾರೂ ತೀರಿಕೊಂಡಿಲ್ಲ. ಬರೇ ತಲೆನೋವು" ಎಂದರು ಪಂಡಿತರು.

ಪ್ಲೇಟುಗಳು ಉಡುಪಿಗೆ ಬಂದವು. ನಡುವಿನ ಕಾಗದದಲ್ಲಿ ದೊಡ್ಡದಾಗಿ ಕುಮುದ ಬಾಮು, ಕೆಳಗೆ ಪಂಡಿತರ ಹೆಸರು ಬಿರುದು ಸಮೇತ, ಅದರ ಕೆಳಗೆ 'ಭಾಷಣ' ಎಂದು ನನ್ನ ಹೆಸರು, ಬಿ.ಎ. ಸಹಿತ. ಹಾಡಿನ ಬದಿಯಲ್ಲಿ 'ಇಂಪಾದ ಹಾಡು' ಎಂದಿತ್ತು, ಅಷ್ಟೇ. ಕೇಳಿದ್ದಕ್ಕೆ ಪಂಡಿತರು, "ಪೊರ್ಬುಗಳ ಹೆಸರಿಗೆ ಜಾಗ ಸಾಲಲಿಲ್ಲ. ಬಿ.ಎ. ಇದ್ದರೆ ಔಷಧಕ್ಕೊಂದು ತೂಕ ಬರ್ತದೆ" ಎಂದರು. ನನ್ನ ಬಿ.ಎ.ಗೆ ಅಂಥ ತೂಕ ಸಿಕ್ಕಿದ್ದು ಅದೊಂದೇ ಕಡೆ.

ಪೊರ್ಬುಗಳಿಗೆ ಪ್ಲೇಟನ್ನು ತೋರಿಸಲು ನನಗೆ ಮುಜುಗರ. ಅವರು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಕಾಗದದ ಮೇಲೆ ಕಣ್ಣಾಡಿಸಿದರು. ಮತ್ತೊಮ್ಮೆ ಆಡಿಸಿದರು. ಆಮೇಲೆ ಪ್ಲೇಟನ್ನು ಬೆಳಕಿಗೆ ಓರೆ ಮಾಡಿ, "ಮೋರೆ ಕಾಣ್ತದೆ ಭಟ್ರೇ, ಕನ್ನಡಿಯ ಹಾಗೆ" ಎಂದರು. "ಹೆಸರಿಲ್ಲದಿದ್ದರೆ ಎಂತ, ಮೋರೆ ಉಂಟಲ್ಲ."

ತಿಂಗಳು ಕಳೆಯುವ ಮೊದಲೇ ಪಂಡಿತರು ನಮ್ಮಿಬ್ಬರನ್ನೂ ಕರೆಸಿ, ಕಾಫಿ ಕೊಟ್ಟು, ಕೆಲಸದಿಂದ ಬಿಡಿಸಿದರು. "ನೀವಿಬ್ಬರೂ ಈಗ ಪ್ಲೇಟಿನಲ್ಲೇ ಇದ್ದೀರಲ್ಲ, ಮತ್ತೆ ವ್ಯಾನಿನಲ್ಲಿ ಯಾಕೆ?" ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ತನ್ನ ಹಾಡು ಉಳಿಯಬೇಕೆಂದು ಆಸೆಪಟ್ಟವರ ಹೊಟ್ಟೆಪಾಡನ್ನು ಉಳಿದ ಹಾಡೇ ಕಿತ್ತುಕೊಂಡಿತು. ನನ್ನ ಭಾಷಣವೂ ನನ್ನ ಕೆಲಸ ಕಿತ್ತುಕೊಂಡಿತು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಬದಿಯನ್ನು ಹಸನಬ್ಬ ಒಂದು ಸಲವೂ ಹಾಕಲಿಲ್ಲವಂತೆ.

ನನಗೆ ಮಣಿಪಾಲದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಆಗ ಅಲ್ಲಿನ ಬೋಳುಗುಡ್ಡದ ಮೇಲೆ ದಿನಕ್ಕೊಂದು ಕಟ್ಟಡ ಏಳುತ್ತಿತ್ತು, ಬರೆಯಲು ಬರುವವರೆಲ್ಲರಿಗೂ ಕುರ್ಚಿ ಸಿಗುತ್ತಿತ್ತು. ಪೊರ್ಬುಗಳು ಕಾಪುವಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಟ್ಟರು. ಚುನಾವಣೆ ಬಂದರೆ ಬೆಳಿಗ್ಗೆ ಒಂದು ಪಕ್ಷದ ಜೀಪಿನಲ್ಲಿ, ಮಧ್ಯಾಹ್ನ ಇನ್ನೊಂದು ಪಕ್ಷದ ಜೀಪಿನಲ್ಲಿ ಹಾಡುತ್ತಿದ್ದರು. ಧಾಟಿ ಒಂದೇ, ಹೆಸರು ಮಾತ್ರ ಬೇರೆ. ಯಾರು ಗೆದ್ದರೂ ಅವರ ಹಾಡು ಗೆದ್ದ ಹಾಗೆಯೇ. ಆದರೂ ಯಾರೂ ಅವರನ್ನು ವೇದಿಕೆಗೆ ಕರೆದದ್ದು ಕೇಳಲಿಲ್ಲ.

ಅತ್ತ ಪ್ಲೇಟಿನ ಕಥೆ ಬೇರೆಯೇ ಆಯಿತು. ಅದನ್ನು ನನಗೆ ಹೇಳಿದವನು ಹಸನಬ್ಬ, ಎಷ್ಟೋ ಕಾಲದ ನಂತರ ಬಸ್ಸಿನಲ್ಲಿ ಸಿಕ್ಕಾಗ. ಜನರ ತಲೆಯಲ್ಲಿ ಬಾಮಿನ ಹೆಸರು ಕೂರಬೇಕೆಂದು ಪಂಡಿತರು ಒಂದು ಅಪ್ಪಣೆ ಮಾಡಿದ್ದರು. ಕೊನೆಯ ಸಾಲು ಬಂದ ಕೂಡಲೇ ವ್ಯಾನಿನ ಗ್ರಾಮಫೋನಿನ ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟು ಅದೇ ಸಾಲನ್ನು ಮತ್ತೆ ಮತ್ತೆ ಕೇಳಿಸಬೇಕು. ಊರೂರಿನಲ್ಲಿ ಹಸನಬ್ಬ ಹಾಗೆಯೇ ಮಾಡಿದ. ಉಬ್ಬುತಗ್ಗಿನ ರಸ್ತೆ, ಮೊಂಡು ಮುಳ್ಳು. ಉಳಿದ ಪ್ಲೇಟುಗಳು ಒಂದೊಂದಾಗಿ ಒಡೆದವು. ಕೊನೆಗೆ ಉಳಿದ ಒಂದರಲ್ಲಿ ಆ ಸಾಲಿನ ಗೆರೆಯೇ ಸವೆದುಹೋಯಿತು.

"ಎಲ್ಲ ಸರಿಯಾಗಿ ಬರ್ತಿತ್ತು ಭಟ್ರೇ," ಎಂದ ಹಸನಬ್ಬ, "ಬಾಮಿನ ಹತ್ತಿರ ಬಂದ ಕೂಡಲೇ ಬರೇ ಕರಕರ ಸದ್ದು. ಮತ್ತೆ 'ನೋಡು' ಅಂತ ಮಾತ್ರ. ಎಂತ ನೋಡುವುದು ಅಂತ ಜನ ನನ್ನತ್ರ ಕೇಳ್ತಿದ್ದರು."

ಅಷ್ಟರಲ್ಲಿ ಬೊಂಬಾಯಿಯಿಂದ ಬೇರೆ ಬಾಮುಗಳು ಬಂದು, ಕುಮುದ ಬಾಮು ಮಾರುಕಟ್ಟೆಯಿಂದ ಮಾಯವಾಯಿತು. ವ್ಯಾನು, ಕಹಳೆ, ಪ್ಲೇಟು ಎಲ್ಲವನ್ನೂ ಕಾರ್ಕಳದ ಮೈಕ್ ಸೆಟ್ಟಿನವನೊಬ್ಬ ಕೊಂಡ. ನಾಮಕರಣ, ಮದುವೆ, ಗೃಹಪ್ರವೇಶಗಳಲ್ಲಿ ಜನ ಸೇರುವ ಮೊದಲು ಮೈಕು ಪರೀಕ್ಷೆಗೆಂದು ಅವನು ಆ ಪ್ಲೇಟನ್ನೇ ಹಾಕುತ್ತಿದ್ದನಂತೆ. ಹೊಸ ಪ್ಲೇಟು ಸವೆಯಬಾರದಲ್ಲ. ಮದುವೆಯಿಂದ ಓಡಿಸಲ್ಪಟ್ಟ ಸ್ವರ ಹಾಗೆ ಮತ್ತೆ ಮದುವೆಗಳಿಗೆ ಹೋಯಿತು. ಅಡಿಗೆಯವರು ಕೇಳಿದರು, ಹೂ ಕಟ್ಟುವ ಹೆಂಗಸರು ಕೇಳಿದರು, ಚಾಪೆ ಹಾಸುವವರು ಕೇಳಿದರು. ಹಾಡಿದವರು ಯಾರೆಂದು ಯಾರೂ ಕೇಳಲಿಲ್ಲ. ಪೊರ್ಬುಗಳಿಗೂ ಇದು ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಗ್ರಾಮಫೋನು ಇರಲಿಲ್ಲ.

ಅರವತ್ತರ ದಶಕ ಅರ್ಧ ದಾಟಿತ್ತು. ಪೊರ್ಬುಗಳಿಗೆ ಎದೆಯ ತೊಂದರೆ ಶುರುವಾಗಿ ಬಾಯಮ್ಮ ಅವರನ್ನು ಮಣಿಪಾಲದ ದೊಡ್ಡ ಆಸ್ಪತ್ರೆಗೆ ಕರೆತಂದರು. ಆಮೇಲೂ ಅವರು ಕೆಲವು ವರ್ಷ ಬದುಕಿದರು, ಕಾಪುವಿನ ಅದೇ ಮನೆಯಲ್ಲಿ. ಅವರ ಮಣ್ಣಿಗೆ ನಾನೂ ಹೋಗಿದ್ದೆ. ಹೊಸ ಗಾಯನ ತಂಡ ಬಹಳ ಶಿಸ್ತಿನಿಂದ ಹಾಡಿತು, ಯಾರೂ ಅಳಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆಸ್ಪತ್ರೆಯ ಆ ಮಧ್ಯಾಹ್ನ.

ಊಟದ ಬಿಡುವಿನಲ್ಲಿ ಅವರನ್ನು ನೋಡಲು ಹೋದೆ. ಡಾಕ್ಟರರ ಕೋಣೆಯ ಹೊರಗಿನ ಉದ್ದನೆಯ ಜಗಲಿಯಲ್ಲಿ ಬೆಂಚಿನ ತುಂಬ ಜನ. ಪೊರ್ಬುಗಳು ಗೋಡೆಗೆ ಒರಗಿದ್ದರು. ಮೊದಲೇ ಸಪೂರ, ಈಗ ಅಂಗಿಯೊಳಗೆ ಮೈ ಎಲ್ಲಿದೆ ಎಂದು ಹುಡುಕಬೇಕು. ಮಡಿಲಲ್ಲಿ ಹ್ಯಾಟು. ಪಕ್ಕದಲ್ಲಿ ಬಾಯಮ್ಮ. ಅವರ ಆಚೆ ಹೆಬ್ರಿಯ ಕಡೆಯಿಂದ ಬಂದ ಎಳೆಯ ಪ್ರಾಯದ ಹೆಂಗಸೊಬ್ಬಳು, ಕೈಯಲ್ಲಿ ಜ್ವರ ಬಂದ ಹೆಣ್ಣುಮಗು. ಮಗು ಅತ್ತೂ ಅತ್ತೂ ಕೆಂಪಾಗಿತ್ತು. ತಾಯಿ ಅದನ್ನು ಭುಜಕ್ಕೆ ಹಾಕಿ, ಬೆನ್ನು ತಟ್ಟುತ್ತ, ಮೆಲ್ಲಗೆ ಹಾಡತೊಡಗಿದಳು.

"ಮಲಗು ಕಡಲೇ ಮಲಗು, ಕೂಗಬೇಡ..."

ನಾನು ಪೊರ್ಬುಗಳನ್ನು ನೋಡಿದೆ. ಅವರು ಹ್ಯಾಟಿನ ಅಂಚನ್ನು ಹಿಡಿದುಕೊಂಡು ಸ್ಥಿರವಾಗಿ ಕೂತಿದ್ದರು. ಈ ಹಾಡು ಕಟ್ಟಿದವರು ಇವರೇ ಎಂದು ಹೇಳಲು ನಾನು ಎದ್ದೆ. ಭಾಷಣದ ಚಪಲ ನನ್ನನ್ನು ಪೂರ್ತಿ ಬಿಟ್ಟಿರಲಿಲ್ಲ. ಅವರು ಕೈ ಚಾಚಿ ನನ್ನ ಅಂಗಿ ಹಿಡಿದು ಕೂರಿಸಿದರು.

ಹೆಂಗಸು ಮೂರನೆಯ ಸಾಲಿಗೆ ಬಂದಳು. ಪೊರ್ಬುಗಳಿಗೆ ತಡೆಯಲಾಗಲಿಲ್ಲ. ಕೊನೆಯ ಸಾಲನ್ನು ತಾವೇ, ಉಬ್ಬಸದ ನಡುವೆ, ಮೆಲ್ಲಗೆ ಹಾಡಿದರು: "ಆಡಲು ಬರುವವರಿಲ್ಲ ನೋಡು."

ಹೆಂಗಸು ತಟ್ಟುವುದನ್ನು ನಿಲ್ಲಿಸಿ ತಿರುಗಿದಳು. "ಹಾಗಲ್ಲ ಪೊರ್ಬುಗಳೇ ಅದು! ಕಾಯಿಲೆಯ ಮಗುವಿನ ಎದುರು ಎಂತ ಅಪಶಕುನ ಹೇಳ್ತೀರಿ?"

ಜಗಲಿಯ ಜನವೆಲ್ಲ ನಮ್ಮ ಕಡೆ ನೋಡಿದರು.

"ತಪ್ಪಾಯ್ತು ಮಗಾ" ಎಂದರು ಪೊರ್ಬುಗಳು. "ನಾನು ಎಲ್ಲಿಯೋ ಕೇಳಿದ್ದು ಹಾಗೆ."

"ಯಾರೋ ತಪ್ಪು ಹೇಳಿಕೊಟ್ಟಿದ್ದಾರೆ. ಇದು ತುಂಬ ಹಳೆಯ ಹಾಡು, ನಮ್ಮ ಅಜ್ಜಿ ಅವರ ಅಜ್ಜಿಯಿಂದ ಕಲಿತದ್ದಂತೆ. ಹಾಗೆಲ್ಲ ಬದಲು ಮಾಡಬಾರದು."

"ಇಲ್ಲ, ಮಾಡುವುದಿಲ್ಲ. ಸರಿಯಾದ್ದು ಹೇಗೆ, ಸ್ವಲ್ಪ ಹೇಳಿಕೊಡ್ತೀಯಾ?"

ಆಕೆಯ ಸಿಟ್ಟು ಇಳಿಯಿತು. ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿ, ಶಾಲೆಯ ಟೀಚರಿನ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು:

ನಿನ್ನಯ ತೆರೆಯೆಲ್ಲ ಮಡಿಚಿ ಇಡು
ಬೆಳಗಿಗೆ ಬರುತಾಳೆ ಆಡಲು ನೋಡು

ಬಾಮು ಸವೆದುಹೋದ ಜಾಗದಲ್ಲಿ, ಉಳಿದ ಆ ಒಂದು 'ನೋಡು'ವನ್ನು ಹಿಡಿದುಕೊಂಡು, ಯಾವಳೋ ಒಬ್ಬ ತಾಯಿ ತನ್ನ ಸಾಲನ್ನು ಕೂರಿಸಿದ್ದಳು. ಯಾವ ಊರಿನವಳೋ, ಯಾವ ಮದುವೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೂತಿದ್ದವಳೋ. ಆ ಸಾಲು ಪೊರ್ಬುಗಳಿಂದ ಬರುವಂಥದ್ದಾಗಿರಲಿಲ್ಲ.

ಬಾಯಮ್ಮ ಅದುವರೆಗೆ ಗೋಡೆ ನೋಡುತ್ತ ಕೂತಿದ್ದರು. ಈಗ ಗಂಡನ ಕಡೆ ತಿರುಗಿ ಕೊಂಕಣಿಯಲ್ಲಿ, "ಇದು ನಿನಗೆ ಹೊಳೆಯಲಿಲ್ಲ ನೋಡು" ಎಂದರು. ಬೈಯುವ ಸ್ವರದಲ್ಲೇ ಹೇಳಿದರು, ಆದರೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಇಲ್ಲ, ಹೊಳೆಯಲಿಲ್ಲ" ಎಂದರು ಪೊರ್ಬುಗಳು. ಹೆಂಗಸಿನ ಕಡೆ ತಿರುಗಿ, "ಇನ್ನೊಮ್ಮೆ ಹೇಳು ಮಗಾ" ಎಂದರು.

ಆಕೆ ಹೇಳಿದಳು. ಅವರು ಹೇಳಿದರು. "ಬರ್ತಾಳೆ ಅಲ್ಲ, ಬರುತಾಳೆ. ಸ್ವಲ್ಪ ಎಳೀಬೇಕು" ಎಂದು ತಿದ್ದಿದಳು. ಅವರು ಎಳೆದರು. ಎಳೆಯುವಾಗ ಹಳೆಯ ಜಾಗದಲ್ಲೇ ಸ್ವರ ಬಿರಿಯಿತು. ಬಾಯಮ್ಮನ ತುಟಿಗಳೂ ಅಲ್ಲಾಡುತ್ತಿದ್ದವು. ಮಗು ಅಳು ನಿಲ್ಲಿಸಿ ಹ್ಯಾಟನ್ನು ನೋಡತೊಡಗಿತು.

ಡಾಕ್ಟರರ ಕೋಣೆಯ ಬಾಗಿಲು ತೆರೆದು ಜವಾನ ಹೊರಗೆ ಬಂದ. ಕೈಯಲ್ಲಿದ್ದ ಚೀಟಿ ನೋಡಿ, ಇಡೀ ಜಗಲಿಗೆ ಕೇಳುವಂತೆ, "ಬೊನಿಫಾಸ್! ಕಾಪುವಿನ ಬೊನಿಫಾಸ್!" ಎಂದು ಕೂಗಿದ. ಅವರ ಪೂರ್ತಿ ಹೆಸರನ್ನು ಅಷ್ಟು ಜನರ ಎದುರು ಅಷ್ಟು ಗಟ್ಟಿಯಾಗಿ ಯಾರಾದರೂ ಕರೆದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವರಿಗೆ ಮಾತ್ರ ಕೇಳಿಸಲೇ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದರು.

"ಯಾರ್ರೀ ಬೊನಿಫಾಸ್? ಇದ್ದಾರಾ ಇಲ್ವಾ?" ಎಂದು ಅವನು ಮತ್ತೆ ಕೂಗಿದ.

"ಇದ್ದಾರೆ, ಇದ್ದಾರೆ" ಎಂದು ಬಾಯಮ್ಮ ಅವನತ್ತ ಕೈಯೆತ್ತಿದರು. "ಸ್ವಲ್ಪ ನಿಲ್ಲಿ ಮಾರಾಯ್ರೆ, ಹಾಡು ಕಲೀತಾ ಇದ್ದಾರೆ."